ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮರಿಗಳಿಗೆ ಕಾವು: ತಯಾರಕರು ಗಮನಿಸಬೇಕಾದ ಅಂಶಗಳು

ಚಳಿಗಾಲ ಕಾಲಿಟ್ಟೊಡನೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ಭಾಗದ ಕೋಳಿ ಸಾಕಣೆದಾರರಿಗೆ ಎಳೆಯ ಮರಿಗಳನ್ನು ಬೆಚ್ಚಗಿಡುವ ಚಿಂತೆ ಆರಂಭವಾಗುತ್ತದೆ. ದೊಡ್ಡ ಫಾರ್ಮುಗಳವರು ತಾಡಪತ್ರಿಯ ಪರದೆ ಇಳಿಬಿಟ್ಟು ಬ್ರೂಡರ್ ಹಚ್ಚುತ್ತಾರೆ. ಹಿತ್ತಿಲಲ್ಲಿ ಸಾಕಲೆಂದು ಇಪ್ಪತ್ತೋ ಐವತ್ತೋ ಗಿರಿರಾಜ ಮರಿಗಳನ್ನು ತಂದವರಿಗೆ ಪ್ಲಾಸ್ಟಿಕ್ ಟಬ್ಬು ಮತ್ತು ಒಂದು ಬಲ್ಬು ಸಾಕೆನಿಸುತ್ತದೆ. ಇಂತಹ ಪೆಟ್ಟಿಗೆಯನ್ನು ಸಿದ್ಧರೂಪದಲ್ಲಿ ಮಾಡಿಕೊಡುವುದು ಸಣ್ಣ ವರ್ಕ್‌ಶಾಪಿಗೆ ಒಗ್ಗುವ ಕೆಲಸವೇ ಸರಿ. ಬಿಡಿಭಾಗಗಳಿಗೆ ನಿಪ್ಪಾಣಿಯವರಿಗೆ ಕೊಲ್ಹಾಪುರ, ಕಾಗವಾಡದವರಿಗೆ ಮಿರಜ ಸಮೀಪವಿದೆ. ಆದರೆ ನೋಡಲು ಸರಳವಾದ ಈ ವಸ್ತುವೇ ಒಂದು ರಾತ್ರಿಯಲ್ಲಿ ಮರಿಗಳನ್ನೆಲ್ಲ ಕೊಲ್ಲಬಲ್ಲುದು, ಮನೆಗೂ ಬೆಂಕಿ ತಗಲಿಸಬಲ್ಲುದು.

ಮೊದಲ ವಾರದಲ್ಲಿ ಮರಿಯ ಬೆನ್ನಿನ ಎತ್ತರದಲ್ಲಿ ಸುಮಾರು 35 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಬೇಕು. ಬಳಿಕ ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಸುತ್ತ ಹೋಗಬೇಕು. ಥರ್ಮಾಮೀಟರಿಗಿಂತ ಮರಿಗಳೇ ಇದನ್ನು ಚೆನ್ನಾಗಿ ಹೇಳುತ್ತವೆ. ಬಲ್ಬಿನ ಕೆಳಗೆ ಒಂದರ ಮೇಲೊಂದು ಮುಗಿಬಿದ್ದರೆ ಚಳಿ. ರೆಕ್ಕೆ ಇಳಿಬಿಟ್ಟು, ಬಾಯಿ ತೆರೆದು ಅಂಚಿಗೆ ಸರಿದರೆ ಸೆಕೆ. ಆದಕಾರಣ ಪೆಟ್ಟಿಗೆಯ ಒಂದು ತುದಿಗೆ ಮಾತ್ರ ಕಾವು ಕೊಟ್ಟು, ಇನ್ನೊಂದು ತುದಿಯನ್ನು ತಂಪಾಗಿ ಬಿಡಬೇಕು. ಸರಿದುಕೊಳ್ಳಲು ಜಾಗವಿಲ್ಲದ ಚಿಕ್ಕ ಟಬ್ಬಿನಲ್ಲಿ ಮರಿ ಬೇಯುತ್ತದೆ.

ಇಲ್ಲಿ ವಿದ್ಯುತ್ತಿನ ಗುಣವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕಬ್ಬಿನ ಗದ್ದೆಗಳ ಪಂಪ್‌ಸೆಟ್‌ಗಳು ನಡೆಯುವಾಗ ಕುಗ್ಗುವ ವೋಲ್ಟೇಜ್, ಆ ಹೊರೆ ಇಳಿದೊಡನೆ ಏರುತ್ತದೆ. ಹೀಟರಿನ ಶಾಖವು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುವುದರಿಂದ, 230 ವೋಲ್ಟಿನಲ್ಲಿ 100 ವ್ಯಾಟ್ ಕೊಡುವ ಕಾಯಿಲ್ 180 ವೋಲ್ಟಿನಲ್ಲಿ 61 ವ್ಯಾಟ್ ಮಾತ್ರ ಕೊಡುತ್ತದೆ. 260 ವೋಲ್ಟಿನಲ್ಲಿ ಅದೇ ಕಾಯಿಲ್ 128 ವ್ಯಾಟ್ ಉಗುಳುತ್ತದೆ. ಸಂಜೆ ನೋಡಿ ಸರಿಯಿದೆಯೆಂದು ಮಲಗಿದ ಮಾಲೀಕನಿಗೆ ನಡುರಾತ್ರಿಯ ಏರಿಕೆ ತಿಳಿಯುವುದಿಲ್ಲ. ಆದ್ದರಿಂದ ಥರ್ಮೋಸ್ಟ್ಯಾಟ್ ಇಲ್ಲದ ಪೆಟ್ಟಿಗೆಯನ್ನು ಅಗ್ಗದ ಮಾದರಿಯೆಂದು ಮಾರುವುದು ಸರಿಯಲ್ಲ.

ಥರ್ಮೋಸ್ಟ್ಯಾಟ್ ಹಾಕಿದ ಮಾತ್ರಕ್ಕೂ ಹೊಣೆ ತೀರದು. ಅದರ ಸಂವೇದಕವು ಮರಿಗಳ ಎತ್ತರದಲ್ಲಿ, ಬಲ್ಬಿನ ನೇರ ಬಿಸಿ ತಾಗದಂತೆ ಭದ್ರವಾಗಿ ಬಿಗಿದಿರಬೇಕು. ಬರಿಯ ಟೇಪು ಅಂಟಿಸಿದರೆ ಅದು ಕಳಚಿ ಪೆಟ್ಟಿಗೆಯ ಹೊರಗೆ ಜೋತುಬೀಳುತ್ತದೆ. ಹೊರಗಿನ ಚಳಿಯನ್ನು ಅಳೆಯುತ್ತ ಹೀಟರನ್ನು ನಿರಂತರ ಉರಿಸುತ್ತದೆ. ಇನ್ನೊಂದು ಅಪಾಯ ರಿಲೇಯದು. ಕಿಡಿಯಿಂದ ಅದರ ಸಂಪರ್ಕಗಳು ಬೆಸೆದುಕೊಂಡರೆ ಪರದೆಯ ಮೇಲೆ ‘ಬಂದ್’ ಎಂದು ತೋರಿದರೂ ವಿದ್ಯುತ್ ಹರಿಯುತ್ತಲೇ ಇರುತ್ತದೆ. ಹೀಗಾಗಿ ಹೀಟರಿನ ಸಾಲಿನಲ್ಲಿ ಪ್ರತ್ಯೇಕ ಥರ್ಮಲ್ ಫ್ಯೂಸ್ ಇರಲೇಬೇಕು. ಪೆಟ್ಟಿಗೆಯ ಬೆಲೆಯಲ್ಲಿ ಅದರ ಪಾಲು ತೀರ ಅಲ್ಪ. ನೀರಿನ ಬಟ್ಟಲು ಉರುಳುವ ಜಾಗವಾದ್ದರಿಂದ 30 ಮಿಲಿಆಂಪಿಯರ್ ಆರ್‌ಸಿಸಿಬಿ ಮೂಲಕವೇ ಸಂಪರ್ಕ ಪಡೆಯಬೇಕೆಂದು ಗ್ರಾಹಕರಿಗೆ ಬರೆದುಕೊಡುವುದು ಒಳಿತು.

ಪ್ಲಾಸ್ಟಿಕ್‌ಗಳೆಲ್ಲ ಒಂದೇ ಬಗೆಯವಲ್ಲ. ಪಿವಿಸಿ 80 ಡಿಗ್ರಿಯ ಆಸುಪಾಸಿನಲ್ಲೂ ಥರ್ಮೋಕೋಲ್ 100 ಡಿಗ್ರಿಯ ಒಳಗಾಗಿಯೂ ಮೆದುವಾಗುತ್ತವೆ. ಪಾಲಿಪ್ರೊಪಿಲೀನ್ ಕರಗುವುದು 160 ಡಿಗ್ರಿಯ ಸುಮಾರಿಗೆ; ಆದರೆ ಭಾರ ಹೊತ್ತ ಮುಚ್ಚಳ ಅದಕ್ಕಿಂತ ಬಹಳ ಮೊದಲೇ ಜೋಲುತ್ತದೆ. ಉರಿಯುವ 100 ವ್ಯಾಟಿನ ಬಲ್ಬಿನ ಗಾಜು 150 ಡಿಗ್ರಿ ಮೀರುವುದುಂಟು. ಮುಚ್ಚಳಕ್ಕೆ ಹೋಲ್ಡರ್ ತಿರುಪಿ, ಕೆಳಗೆ ಹೊಟ್ಟು ಅಥವಾ ಶೇಂಗಾ ಸಿಪ್ಪೆ ಹರಡಿದರೆ ಏನಾದೀತೆಂಬುದನ್ನು ವಿವರಿಸಬೇಕಿಲ್ಲ. ಬಲ್ಬಿಗೆ ತಂತಿಯ ಪಂಜರ, ಪಿಂಗಾಣಿ ಹೋಲ್ಡರ್, ತೂಗುಹಾಕಲು ವೈರಿನ ಬದಲು ಲೋಹದ ಸರಪಳಿ ಬೇಕು. ಒಡೆಯದಿರಲೆಂದು ಟೆಫ್ಲಾನ್ ಲೇಪಿಸಿದ ಬಲ್ಬುಗಳನ್ನು ಬಳಸಲೇಬಾರದು; ಕಾದ ಲೇಪನದ ಹೊಗೆ ಪಕ್ಷಿಗಳಿಗೆ ಮಾರಕ. ಕರೆಂಟ್ ಹೋದಾಗ ಮುಚ್ಚಿದ ಪರದೆಯೊಳಗೆ ಇದ್ದಿಲಿನ ಶೇಗಡಿ ಇಡುವ ರೂಢಿಯೂ ಅಷ್ಟೇ ಘಾತಕ. ಅದರಿಂದ ಹೊರಡುವ ಕಾರ್ಬನ್ ಮೋನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯೂ ಇಲ್ಲ.

ಇದೇ ಪೆಟ್ಟಿಗೆಯನ್ನು ಹಾವು ಸಾಕುವವರು ಕೇಳಿ ಬಂದರೆ? ವಿದೇಶೀ ಬಾಲ್ ಪೈಥಾನ್ ಸಾಕುವವರು ಮಹಾನಗರಗಳಲ್ಲಿದ್ದಾರೆ. ಅದಕ್ಕೆ ಬೆಚ್ಚನೆಯ ತುದಿಯಲ್ಲಿ 31ರಿಂದ 33 ಡಿಗ್ರಿ ಸಾಕು. ಬಿಸಿ ಮ್ಯಾಟ್ ಕೆಟ್ಟು ಅತಿಯಾಗಿ ಕಾದರೂ ಹಾವು ಅದರ ಮೇಲೆಯೇ ಮಲಗಿ ಸುಟ್ಟುಕೊಳ್ಳುವುದುಂಟು. ಆದ್ದರಿಂದ ಸಂವೇದಕವನ್ನು ಮ್ಯಾಟಿಗೂ ಟಬ್ಬಿನ ತಳಕ್ಕೂ ನಡುವೆ ಇಡಬೇಕು. ಇಂತಹ ಪ್ರಾಣಿಗಳನ್ನು ಇಟ್ಟುಕೊಂಡವರು 2024ರ ನಿಯಮಗಳಂತೆ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಕಬ್ಬಿನ ಗದ್ದೆಯಲ್ಲಿ ಸಿಕ್ಕ ನಾಗರ, ಕೇರೆಗಳನ್ನು ಸಾಕುವುದು ಮಾತ್ರ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಅಂತಹ ಬೇಡಿಕೆಗೆ ಪೆಟ್ಟಿಗೆ ಮಾಡಿಕೊಡದಿರುವುದೇ ಲೇಸು.

ಪ್ರಾಣಿ ಸಾಕಣೆಯ ವಿದ್ಯುತ್ ಹೀಟರುಗಳಿಗೆಂದೇ ಐಇಸಿ 60335-2-71 ಎಂಬ ಅಂತಾರಾಷ್ಟ್ರೀಯ ಮಾನಕವಿದೆ. ಅದರ ಪೂರ್ಣ ಪರೀಕ್ಷೆ ಸಣ್ಣ ಘಟಕಕ್ಕೆ ದುಬಾರಿಯೆನಿಸಬಹುದು. ಆದರೂ ಹೊಸ ಮಾದರಿಯನ್ನು ಪೇಟೆಗೆ ಬಿಡುವ ಮುನ್ನ ಒಂದು ಪರೀಕ್ಷೆಯನ್ನು ಪ್ರತಿಯೊಬ್ಬ ತಯಾರಕನೂ ಮಾಡಬಹುದು. ಮರಿಗಳಿಲ್ಲದ ಪೆಟ್ಟಿಗೆಯಲ್ಲಿ ಥರ್ಮೋಸ್ಟ್ಯಾಟನ್ನು ಬೇಕೆಂದೇ ತಪ್ಪಿಸಿ, ಮುಚ್ಚಳ ಹಾಕಿ, ಬಯಲಿನಲ್ಲಿಟ್ಟು, ಪಕ್ಕದಲ್ಲಿ ಕಾವಲಿದ್ದು ಹೀಟರ್ ಉರಿಸಬೇಕು. ಪ್ಲಾಸ್ಟಿಕ್ ಮೆದುವಾಗುವ ಮೊದಲು ಥರ್ಮಲ್ ಫ್ಯೂಸ್ ಕಡಿದುಕೊಳ್ಳದಿದ್ದರೆ ಆ ಮಾದರಿ ಮಾರಾಟಕ್ಕೆ ಸಿದ್ಧವಾಗಿಲ್ಲ.