ಮೇಜಿನ ಮೇಲೆ ತುಂಬಿ ಹರಿದ ಕಾವೇರಿ

ಮೇಜನ್ನು ಅಗೆಯಲು ಆಗುವುದಿಲ್ಲ. ಮೇಜಿನ ಮೇಲೆ ಯುದ್ಧದಾಟ ಆಡುವವರಿಗೆಲ್ಲ ಎದುರಾಗುವ ಮೊದಲ ತೊಡಕು ಇದು. ಬೆಟ್ಟ ಬೇಕೆಂದರೆ ಸುಲಭ. ಹಸಿರು ಬಟ್ಟೆಯ ಕೆಳಗೆ ನಾಲ್ಕು ಪುಸ್ತಕ ಇಟ್ಟರೆ ಬೆಟ್ಟ ಎದ್ದು ನಿಲ್ಲುತ್ತದೆ. ನದಿಗೇನು ಮಾಡುವುದು? ಬಹಳ ಮಂದಿ ನೀಲಿ ಬಟ್ಟೆಯ ಪಟ್ಟಿಯೊಂದನ್ನು ಹಾಸಿ ಇದೇ ನದಿ ಅನ್ನುತ್ತಾರೆ. ಪಾಪ, ಆ ನದಿ ನೆಲಕ್ಕಿಂತ ಒಂದು ನೂಲು ಮೇಲೆಯೇ ಹರಿಯುತ್ತಿರುತ್ತದೆ! ಇದಕ್ಕೆ ಉಪಾಯ ಒಂದೇ. ನದಿಯನ್ನು ಕೆಳಗಿಳಿಸಲು ಆಗದಿದ್ದರೆ ಉಳಿದ ನೆಲವನ್ನೆಲ್ಲ ಮೇಲೇರಿಸಬೇಕು.

ಯುದ್ಧದಾಟ ಎಂದರೆ ಮೊಬೈಲಿನಲ್ಲಿ ಢಂ ಢಂ ಎನ್ನಿಸುವ ಆಟವಲ್ಲ. ಪುಟ್ಟ ಸೈನಿಕರು, ದಾಳ, ಅಳತೆಪಟ್ಟಿ, ಒಂದಿಷ್ಟು ನಿಯಮ, ಎದುರುಬದುರು ಕೂತ ಇಬ್ಬರು, ಇಷ್ಟಿದ್ದರೆ ಆಯಿತು. ಚದುರಂಗದ ದೊಡ್ಡಪ್ಪನ ಮಗ ಎನ್ನಬಹುದು. ಆದರೆ ಚದುರಂಗದಲ್ಲಿ ನೆಲಕ್ಕೆ ಏರಿಳಿತವಿಲ್ಲ, ಇಲ್ಲಿ ನೆಲವೇ ಅರ್ಧ ಆಟ. 1812ರಲ್ಲಿ ಪ್ರಷ್ಯಾದ ರೈಸ್‌ವಿಟ್ಸ್ ಎಂಬಾತ ತನ್ನ ರಾಜನಿಗೆ ಒಂದು ಆಟದ ಮೇಜು ಮಾಡಿಕೊಟ್ಟ. ಅದರ ತುಂಬ ಬೆಟ್ಟ, ಹೊಳೆ, ಹಳ್ಳಿಗಳನ್ನು ಉಬ್ಬುತಗ್ಗಾಗಿ ಮೂಡಿಸಿದ ಚೌಕದ ಬಿಲ್ಲೆಗಳು. ಬಿಲ್ಲೆಗಳನ್ನು ಬೇರೆ ಬೇರೆ ರೀತಿಯಲ್ಲಿ ಜೋಡಿಸಿ ದಿನಕ್ಕೊಂದು ಹೊಸ ರಣರಂಗ ಮಾಡಬಹುದಿತ್ತು. ನೂರು ವರ್ಷದ ಬಳಿಕ, 1913ರಲ್ಲಿ, ಇಂಗ್ಲೆಂಡಿನ ಕತೆಗಾರ ಎಚ್. ಜಿ. ವೆಲ್ಸ್ 'ಲಿಟಲ್ ವಾರ್ಸ್' ಎಂಬ ಪುಸ್ತಕ ಬರೆದು ಈ ಆಟವನ್ನು ಮನೆಮನೆಯ ಮಕ್ಕಳ ಕೈಗೆ ಕೊಟ್ಟ.

ನಮ್ಮ ಮನೆ ಇರುವುದು ಮೈಸೂರಿನಲ್ಲಿ. ಏಳನೇ ತರಗತಿಯ ಮಗಳ ಜೊತೆ ಸೇರಿ ಒಂದು ರಣರಂಗ ಮಾಡುವುದೆಂದು ಹೊರಟಾಗ ಶ್ರೀರಂಗಪಟ್ಟಣ ಬಿಟ್ಟು ಬೇರೆ ಊರು ತಲೆಗೆ ಬರಲಿಲ್ಲ. ಅಲ್ಲಿ ಕಾದಾಡಿದ್ದು ಟಿಪ್ಪು ಮತ್ತು ಬ್ರಿಟಿಷರು ಮಾತ್ರವಲ್ಲ. ಕಾವೇರಿಯೂ ಒಂದು ಪಕ್ಷ. 1791ರ ಮೇ 15ರಂದು ಅರಕೆರೆಯ ಬಳಿ ಕಾರ್ನ್‌ವಾಲಿಸ್ ಗೆದ್ದ. ಗೆದ್ದವನಿಗೆ ಕೋಟೆ ಕಣ್ಣೆದುರೇ ಇತ್ತು. ಆದರೆ ಮಳೆ ಹಿಡಿದು ಹೊಳೆ ಏರಿತು, ಮೇವಿಲ್ಲದೆ ಎತ್ತುಗಳು ಸತ್ತವು, ಅಕ್ಕಿ ಮುಗಿಯಿತು. ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಒಡೆದು ಹಾಕಿ ಅವನು ಬೆಂಗಳೂರಿಗೆ ಹಿಂದಿರುಗಬೇಕಾಯಿತು. 1799ರಲ್ಲಿ ಜನರಲ್ ಹ್ಯಾರಿಸ್ ಏಪ್ರಿಲ್ ಮೊದಲ ವಾರದಲ್ಲೇ ಬಂದು ಕೂತ. ಮೇ 4ರ ಮಧ್ಯಾಹ್ನ ಅವನ ಸೈನಿಕರು ಬೇಸಿಗೆಯ ಬತ್ತಿದ ಹೊಳೆಯನ್ನು ನಡೆದೇ ದಾಟಿದರು. ಸಂಜೆಯೊಳಗೆ ಕೋಟೆಯೂ ಹೋಯಿತು, ಟಿಪ್ಪುವೂ ಇಲ್ಲ.

ಅದೇ ಹೊಳೆ, ಅದೇ ಕೋಟೆ. ಒಂದು ಸಲ ಕಾಪಾಡಿತು, ಇನ್ನೊಂದು ಸಲ ದಾರಿ ಬಿಟ್ಟಿತು. ಇದನ್ನು ನೀಲಿ ಬಟ್ಟೆಯ ಪಟ್ಟಿಯಲ್ಲಿ ತೋರಿಸುವುದು ಹೇಗೆ? ನಮಗೆ ಬೇಕಿದ್ದದ್ದು ತಗ್ಗಿನಲ್ಲಿ ಹರಿಯುವ, ಬತ್ತಲೂ ತುಂಬಲೂ ಬರುವ ನದಿ.

ಮೊದಲು ಲೆಕ್ಕ. ದಾಳಿ ನಡೆದ ಕಡೆ ಹೊಳೆಯ ಅಗಲ ಸುಮಾರು 280 ಗಜ, ಅಂದರೆ 256 ಮೀಟರ್. ಈ ಆಟದಲ್ಲಿ ಹೆಚ್ಚು ಬಳಕೆಯಲ್ಲಿರುವ ಸೈನಿಕನ ಎತ್ತರ 28 ಮಿಲಿಮೀಟರ್. ಆ ಅಳತೆಯಲ್ಲಿ ನದಿಯೇ ಹದಿನಾಲ್ಕು ಅಡಿ ಆಗುತ್ತದೆ, ನಮ್ಮ ಹಾಲೂ ಸಾಲದು! ಸೈನಿಕನನ್ನು 6 ಮಿಲಿಮೀಟರಿಗೆ ಇಳಿಸಿದರೆ ನದಿ 85 ಸೆಂಟಿಮೀಟರಿಗೆ ಬಂದು ನಿಲ್ಲುತ್ತದೆ. ಬೆಂಕಿಕಡ್ಡಿಯನ್ನು 6 ಮಿಲಿಮೀಟರಿಗೆ ತುಂಡರಿಸಿ, ಬಣ್ಣ ಹಚ್ಚಿ, ರಟ್ಟಿನ ಪಟ್ಟಿಯ ಮೇಲೆ ಸಾಲಾಗಿ ಅಂಟಿಸಿದೆವು. ಒಂದು ಕಡ್ಡಿ ಎಂದರೆ 50 ಸೈನಿಕರು.

ಇದೇ ಲೆಕ್ಕದಲ್ಲಿ ಸೊಂಟದ ಮಟ್ಟದ ನೀರು ಎಷ್ಟು ಆಳ ಗೊತ್ತೆ? ಬರೀ 3 ಮಿಲಿಮೀಟರ್. ನದಿ ಆಳವಾಗಿ ಕಾಣುವುದು ನೀರಿನಿಂದಲ್ಲ, ದಂಡೆಯಿಂದ. ದಂಡೆ ಸರಿಯಾಗಿ ಮೂಡಿದರೆ ನೀರಿಲ್ಲದಿದ್ದರೂ ನೋಡಿದವರು ಹೊಳೆ ಎನ್ನುತ್ತಾರೆ.

ಅಂಗಡಿಯಲ್ಲಿ ಸಿಗುವ ಥರ್ಮಕೋಲ್ ಹಾಳೆ ಒಂದು ಮೀಟರ್ ಉದ್ದ, ಅರ್ಧ ಮೀಟರ್ ಅಗಲ. ಅದನ್ನು ನಡುವೆ ಕತ್ತರಿಸಿದರೆ 50 ಸೆಂಟಿಮೀಟರಿನ ಎರಡು ಚೌಕ. ಅದೇ ಅಳತೆಯ ಆರು ತೆಳು ಪ್ಲೈವುಡ್ ಹಲಗೆ ತಂದೆವು. ಮೂರು ಸಾಲು, ಸಾಲಿಗೆ ಎರಡು. ನಡುವಿನ ಎರಡು ಹಲಗೆಗಳಿಗೆ ಥರ್ಮಕೋಲೇ ಬೇಡ, ಅವು ಬರೀ ನದಿಯ ಪಾತ್ರ. ಬ್ರಿಟಿಷ್ ಪಾಳೆಯದ ಕಡೆಗೆ ಒಂದು ಇಂಚು ದಪ್ಪದ ಒಂದು ಪದರ, ಕೋಟೆಯ ಕಡೆಗೆ ಎರಡು. ಯಾಕೆಂದರೆ ಕೋಟೆಯ ಹೊರಗೋಡೆಯ ಹಿಂದೆ ಇನ್ನೊಂದು ಕಂದಕವಿತ್ತು. ಗೋಡೆ ಹತ್ತಿದ ದಾಳಿಕೋರರು ಅದನ್ನು ಕಂಡು ದಂಗಾದರು. ಮೇಲಿನ ಪದರವನ್ನು ಸೀಳಿದರೆ ಆ ಕಂದಕ ತಾನಾಗಿ ಸಿಗುತ್ತದೆ.

ಹಲಗೆಯಿಂದ ಹಲಗೆಗೆ ದಂಡೆ ಕೂಡಿಕೊಳ್ಳಬೇಕು. ಅದಕ್ಕೆ ರಟ್ಟಿನಲ್ಲಿ ಒಂದು ಅಚ್ಚು ಕತ್ತರಿಸಿ, ಕೂಡುವ ಅಂಚುಗಳಿಗೆಲ್ಲ ಅದನ್ನೇ ಇಟ್ಟು ಗೆರೆ ಎಳೆದೆವು. ಎರಡು ಅಂಚುಗಳ ನಡುವೆ ಹೊಳೆ ಹೇಗೆ ಬೇಕಾದರೂ ಅಂಕುಡೊಂಕಾಗಲಿ, ಅಂಚಿಗೆ ಬಂದಾಗ ಅಚ್ಚಿಗೆ ಬರಬೇಕು. ಕತ್ತರಿಸುವಾಗ ಒಂದೇ ಏಟಿಗೆ ಚಾಕು ಒತ್ತಬಾರದು, ಮೂರು ಸಲ ಹಗುರವಾಗಿ ಎಳೆಯಬೇಕು. ಕಾದ ತಂತಿಯಿಂದಲೂ ಕೊಯ್ಯಬಹುದು. ಅದರ ಹೊಗೆ ಒಳ್ಳೆಯದಲ್ಲ. ಕಿಟಕಿ ತೆರೆದಿರಲಿ, ಆ ಕೆಲಸ ದೊಡ್ಡವರೇ ಮಾಡಲಿ. ಅಂಟಿಗೆ ಫೆವಿಕಾಲ್ ಸಾಕು. ಥಿನ್ನರ್ ಇರುವ ಅಂಟನ್ನಾಗಲಿ ಸ್ಪ್ರೇ ಬಣ್ಣವನ್ನಾಗಲಿ ಹತ್ತಿರ ತರಬೇಡಿ, ಥರ್ಮಕೋಲನ್ನು ತಿಂದು ಹಾಕುತ್ತವೆ. ನಂಬಿಕೆ ಬಾರದಿದ್ದರೆ ಒಂದು ಚೂರಿನ ಮೇಲೆ ಉಗುರು ಬಣ್ಣ ತೆಗೆಯುವ ದ್ರವದ ಎರಡು ಹನಿ ಬಿಟ್ಟು ನೋಡಿ.

ಥರ್ಮಕೋಲಿನ ಬಿಳಿ ಕಾಳುಗಳು ಕಂಡರೆ ಭ್ರಮೆ ಒಡೆಯುತ್ತದೆ. ಅದಕ್ಕೆ ಹಳೆ ಪೇಪರಿನ ಚೂರುಗಳನ್ನು ನೀರು ಬೆರೆಸಿದ ಫೆವಿಕಾಲಿನಲ್ಲಿ ಅದ್ದಿ ಮೇಲೆಲ್ಲ ಅಂಟಿಸಿ, ಒಣಗಿದ ಮೇಲೆ ವಾಲ್ ಪುಟ್ಟಿ ಸವರಿದೆವು. ಹೊಳೆಯ ಪಾತ್ರಕ್ಕೆ ಜರಡಿ ಹಿಡಿದ ಮರಳು, ಜಲ್ಲಿಯ ಚೂರು. ಹುಲ್ಲಿಗೆ ಹಸಿರು ಬಣ್ಣದಲ್ಲಿ ನೆನೆಸಿ ಒಣಗಿಸಿದ ಮರದ ಹೊಟ್ಟು. ಪಾತ್ರೆ ತಿಕ್ಕುವ ಸ್ಕ್ರಬ್ಬರನ್ನು ಹರಿದರೆ ಮರಗಳು.

ಮಗಳು ನೀಲಿ ಬಣ್ಣದ ಡಬ್ಬಿ ತೆರೆದಾಗ ನಮ್ಮಮ್ಮ ಅಡುಗೆಮನೆಯಿಂದ ಬಂದರು. "ಏನೇ ಇದು? ಕಾವೇರಿನಾ, ಸ್ವಿಮ್ಮಿಂಗ್ ಪೂಲಾ? ಬೇಸಿಗೇಲಿ ಹೊಳೆ ಪಾಚಿ ಬಣ್ಣ ಇರುತ್ತೆ, ಹೊಸನೀರು ಬಂದ್ರೆ ಕೆಂಪು ಮಣ್ಣಿನ ಬಣ್ಣ. ನೀಲಿ ಯಾವತ್ತಿತ್ತು?" ಐವತ್ತು ವರ್ಷ ದಸರಾ ಗೊಂಬೆ ಕೂರಿಸಿ, ರಾಗಿ ಮೊಳಕೆಯ ತೋಟದಲ್ಲಿ ಕನ್ನಡಿಯ ಕೊಳ ಮಾಡಿದ ಕೈ ಅವರದು. ಅವರ ಮಾತಿನಂತೆ ನಡುವೆ ಗಾಢ ಹಸಿರು ಕಂದು, ಅಂಚಿಗೆ ಬಂದಂತೆ ತೆಳು ಮರಳಿನ ಬಣ್ಣ. ಆಳ ಇದೆ ಎಂದು ಕಣ್ಣಿಗೆ ಅನ್ನಿಸುವುದು ಈ ಬಣ್ಣದ ಇಳಿಕೆಯಿಂದಲೇ. ಒಣಗಿದ ಮೇಲೆ ನೀರಿರುವಲ್ಲಿ ಮಾತ್ರ ವಾರ್ನಿಶ್ ಮೂರು ಕೋಟು.

ತುಂಬಿದ ಹೊಳೆಗೆ ಬೇರೆ ಉಪಾಯ. ದಂಡೆಯ ಒಳಮೈಯಲ್ಲಿ 15 ಮಿಲಿಮೀಟರ್ ಎತ್ತರಕ್ಕೆ ಒಂದು ಸಣ್ಣ ಮೆಟ್ಟಿಲು ಬಿಟ್ಟಿದ್ದೆವು. ಪಾತ್ರದ ನಡುವಿನ ಕೆಲವು ಬಂಡೆಗಳಿಗೂ ಅದೇ ಎತ್ತರ. ಅವುಗಳ ಮೇಲೆ ಕೂರುವಂತೆ ಪಾರದರ್ಶಕ ಅಕ್ರಿಲಿಕ್ ಹಾಳೆಯ ತುಂಡುಗಳನ್ನು ಕತ್ತರಿಸಿ, ಅಡಿಭಾಗಕ್ಕೆ ಕೆಂಪು ಮಣ್ಣಿನ ಬಣ್ಣ ಹಚ್ಚಿದೆವು. ಹಾಳೆ ಇಟ್ಟರೆ ಬಂಡೆಗಳು ಮಾಯ, ದಾರಿ ಮಾಯ. ಹತ್ತು ಸೆಕೆಂಡಿನಲ್ಲಿ ಮೇ ಹೋಗಿ ಜೂನ್ ಬರುತ್ತದೆ.

ಕೆಲಸ ಮುಗಿದ ದಿನ ಅಮ್ಮ ಬಹಳ ಹೊತ್ತು ನೋಡಿ, "ಅಷ್ಟು ಜನ ಸತ್ತ ಜಾಗ ಕಣಪ್ಪಾ ಅದು. ಅದನ್ನ ಆಟ ಮಾಡ್ಕೊಂಡಿದ್ದೀರಲ್ಲ" ಅಂದರು. ಸುಲಭವಾಗಿ ತಳ್ಳಿಹಾಕುವ ಮಾತಲ್ಲ ಇದು. ವೆಲ್ಸ್ ತನ್ನ ಪುಸ್ತಕದಲ್ಲಿ ಇದನ್ನು ಎತ್ತಿಕೊಂಡಿದ್ದಾನೆ. ಪುಟ್ಟ ಯುದ್ಧ ಆಡಿದವರಿಗೆ ದೊಡ್ಡ ಯುದ್ಧ ಎಂತಹ ಎಡವಟ್ಟು ಎಂದು ತಿಳಿಯುತ್ತದೆ ಎಂಬುದು ಅವನ ವಾದ. ಪುಸ್ತಕ ಬಂದ ಮರುವರ್ಷವೇ ಮೊದಲ ಮಹಾಯುದ್ಧ ಶುರುವಾಯಿತು ಅನ್ನುವುದನ್ನೂ ಮರೆಯುವ ಹಾಗಿಲ್ಲ. ಅಮ್ಮನಿಗೆ ನಾನು ಉತ್ತರ ಹೇಳಲಿಲ್ಲ. ಮಗಳೇ ಒಂದು ನಿಯಮ ಸೇರಿಸಿದಳು: ಬಿದ್ದ ಕಡ್ಡಿಗಳನ್ನು ಡಬ್ಬಿಗೆ ಹಾಕುವಂತಿಲ್ಲ, ಮೇಜಿನ ಪಕ್ಕದ ತಟ್ಟೆಯಲ್ಲಿಡಬೇಕು. ಆಟದ ಕೊನೆಗೆ ಅಜ್ಜಿ ಎಣಿಸಿ, 50ರಿಂದ ಗುಣಿಸಿ, ಗಟ್ಟಿಯಾಗಿ ಹೇಳಬೇಕು. ಮೊದಲ ಆಟದಲ್ಲಿ ತಟ್ಟೆಯಲ್ಲಿದ್ದವು 61 ಕಡ್ಡಿ. "ಮೂರು ಸಾವಿರದ ಐವತ್ತು" ಅಂದರು ಅಮ್ಮ. ಗೆದ್ದ ನಾನು ಚಪ್ಪಾಳೆ ತಟ್ಟಲಿಲ್ಲ.

ಇದೇ ವಿಧಾನದಲ್ಲಿ ಕಂದರವನ್ನೂ ಮಾಡಬಹುದು. ಕಾವೇರಿಯೇ ಕನಕಪುರದಾಚೆ ಅರ್ಕಾವತಿಯನ್ನು ಸೇರಿಸಿಕೊಂಡು ಮೇಕೆದಾಟುವಿನ ಬಂಡೆಗಳ ನಡುವೆ ಕಿರಿದಾಗಿ ನುಗ್ಗುತ್ತಾಳಲ್ಲ, ಅದನ್ನು ನೆನೆಸಿಕೊಳ್ಳಿ. ಐದಾರು ಪದರ ಥರ್ಮಕೋಲ್ ಪೇರಿಸಿ, ಅಂಚನ್ನು ಕತ್ತರಿಸದೆ ಕೈಯಿಂದ ಮುರಿಯಿರಿ. ಮುರಿದ ಅಂಚಿಗೆ ಚಾಕುವಿನ ಅಚ್ಚುಕಟ್ಟು ಇರುವುದಿಲ್ಲ, ಅದೇ ಬೇಕಾದದ್ದು. ನೀರು ಕೊರೆದ ಗುಳಿಗಳನ್ನು ಚಮಚದ ಬೆನ್ನಿನಿಂದ ಒತ್ತಿ. ಪದರಗಳನ್ನು ಒಂದರ ಮೇಲೊಂದು ಸರಿಸಮ ಕೂರಿಸಬೇಡಿ. ಕೆಲವು ಮುಂದೆ ಚಾಚಲಿ, ಕೆಲವು ಹಿಂದೆ ಸರಿಯಲಿ. ಸೈನಿಕರಿಗೆ ಅಡಗಲು ಜಾಗ ಸಿಗುವುದು ಅಲ್ಲೇ.

ನಮ್ಮ ಶ್ರೀರಂಗಪಟ್ಟಣದ ಆಟದಲ್ಲಿ ಒಂದು ಸರದಿ ಎಂದರೆ ಎರಡು ದಿನ. ಮೇ ತಿಂಗಳು ಹುಟ್ಟಿದ ಮೇಲೆ ಪ್ರತಿ ಸರದಿಗೂ ಎರಡು ದಾಳ ಉರುಳಿಸಬೇಕು. ಹನ್ನೆರಡು ಬಿದ್ದರೆ ಕೆಂಪು ಹಾಳೆ ಇಳಿಯುತ್ತದೆ, ಹೊಳೆ ದಾಟುವಂತಿಲ್ಲ. ತಿಂಗಳ ನಡುವಿಗೆ ಬಂದ ಮೇಲೆ ಹನ್ನೊಂದು ಬಿದ್ದರೂ ಸಾಕು. ಮಗಳು ಯಾವಾಗಲೂ ಕೋಟೆಯ ಪಕ್ಷ. ಅವಳಿಗೆ ಬೇಕಾದದ್ದು ದಿನಗಳು, ನನಗೆ ಬೇಕಾದದ್ದು ಗೋಡೆಯಲ್ಲೊಂದು ಬಿರುಕು.

1799ರಲ್ಲಿ ಟಿಪ್ಪುವಿನ ಅಂತ್ಯಸಂಸ್ಕಾರ ನಡೆದ ಮೇ 5ರ ಸಂಜೆ ಗುಡುಗು ಸಿಡಿಲಿನ ಭಾರಿ ಮಳೆ ಸುರಿಯಿತೆಂದು ಬ್ರಿಟಿಷ್ ಅಧಿಕಾರಿಗಳೇ ಬರೆದಿಟ್ಟಿದ್ದಾರೆ. ಇದನ್ನು ಹೇಳಿದಾಗ ಅವಳು ದಾಳ ಕೆಳಗಿಟ್ಟು, "ಅಪ್ಪ, ಎರಡು ದಿನ ಮೊದಲೇ ಬಂದಿದ್ರೆ?" ಎಂದು ಕೇಳಿದಳು. ಊರ ಮೇಲೆ ಸುರಿಯುವ ಒಂದು ಬೇಸಿಗೆ ಮಳೆಗೆ ಕಾವೇರಿ ತುಂಬುವುದಿಲ್ಲ, ಅವಳನ್ನು ತುಂಬಿಸುವುದು ಕೊಡಗಿನ ಮಳೆ ಎಂದು ಭೂಪಟ ತೆರೆದು ತೋರಿಸಿದೆ. ಅವಳು ಸ್ವಲ್ಪ ಹೊತ್ತು ಬೆರಳಿನಿಂದ ನದಿಯ ಗೆರೆಯನ್ನು ತಲಕಾವೇರಿಯವರೆಗೂ ಎಳೆದು ನೋಡಿದಳು. ಈಗ ನಮ್ಮ ಡಬ್ಬಿಯಲ್ಲಿ ಊರ ಮಳೆಗೆ ಒಂದು ಬಿಳಿ ದಾಳ, ಕೊಡಗಿನ ಮಳೆಗೆ ಒಂದು ಹಸಿರು ದಾಳ ಇವೆ. ಬಿಳಿಯದರಲ್ಲಿ ಆರು ಬಿದ್ದರೆ ಒಂದು ಸರದಿ ಫಿರಂಗಿಯ ಮದ್ದು ಒದ್ದೆಯಾಗುತ್ತದೆ, ಅಷ್ಟೇ. ಹಸಿರಿನ ಆರುಗಳು ಮೂರು ಕೂಡಿದ ಮೇಲೆಯೇ ಹೊಳೆ ಏರುವುದು.