ಒಂದು ಮನೆಯ ಚರಿತ್ರೆ: ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯ ಆಧಾರಗಳು ಮತ್ತು ಕಾದಂಬರಿಯ ರೂಪ

ಒಂದು ಮನೆಯನ್ನೇ ಕಥಾನಾಯಕನ ಸ್ಥಾನದಲ್ಲಿಟ್ಟು, ಅದರಲ್ಲಿ ಬಾಳಿ ಅಳಿದವರ ವೃತ್ತಾಂತವನ್ನು ಹಲವು ತಲೆಮಾರುಗಳ ಉದ್ದಕ್ಕೂ ಹೇಳುವ ಕಾದಂಬರಿಗಳು ಪಾಶ್ಚಾತ್ಯ ಸಾಹಿತ್ಯದಲ್ಲಿ ಪ್ರಚಾರಕ್ಕೆ ಬಂದಿವೆ. ಜರ್ಮನ್ ಲೇಖಕಿ ಜೆನ್ನಿ ಎರ್ಪೆನ್‌ಬೆಕ್ ಅವರು ೨೦೦೮ರಲ್ಲಿ ಪ್ರಕಟಿಸಿದ ಕೃತಿಯ ವಸ್ತು ಬರ್ಲಿನ್ ನಗರದ ಸಮೀಪದ ಸರೋವರತೀರದ ಒಂದು ಮನೆ. ಅಮೆರಿಕದ ಡೇನಿಯಲ್ ಮೇಸನ್ ಅವರ 'ನಾರ್ತ್ ವುಡ್ಸ್' (೨೦೨೩) ಮ್ಯಾಸಚೂಸೆಟ್ಸ್ ಪ್ರಾಂತದ ಪಶ್ಚಿಮಭಾಗದ ಕಾಡಿನಲ್ಲಿರುವ ಮನೆಯೊಂದನ್ನು ವಸಾಹತುಗಳ ಕಾಲದಿಂದ ಇಂದಿನವರೆಗೆ ಅನುಸರಿಸುತ್ತದೆ. ಇವೆರಡರಲ್ಲಿಯೂ ಗಮನಿಸತಕ್ಕ ಸಂಗತಿಯೊಂದುಂಟು. ಮನೆ ಒಂದೇ, ಆದರೆ ಅದರ ಒಡೆಯರು ಒಂದೇ ವಂಶದವರಲ್ಲ. ಕ್ರಯದಿಂದಲೋ, ರಾಜ್ಯವಿಪ್ಲವದಿಂದಲೋ ಮನೆ ಒಬ್ಬರಿಂದ ಮತ್ತೊಬ್ಬರಿಗೆ ಹೋಗುತ್ತದೆ. ಗೋಡೆ ನಿಲ್ಲುತ್ತದೆ, ಜನ ಬದಲಾಗುತ್ತಾರೆ.

ಇಂಥ ಕೃತಿಯೊಂದನ್ನು ಚಾಮರಾಜನಗರ ಅಥವಾ ಗುಂಡ್ಲುಪೇಟೆ ತಾಲ್ಲೂಕಿನ ಮನೆಯೊಂದನ್ನು ಕುರಿತು ಬರೆಯುವುದಾದರೆ ಇತಿಹಾಸವು ಅದಕ್ಕೆ ಒದಗಿಸುವ ಸಾಮಗ್ರಿ ಎಂಥದು, ಆ ಸಾಮಗ್ರಿಯಲ್ಲಿ ಯಾರ ಮನೆಗಳು ಕಾಣುತ್ತವೆ, ಯಾರ ಮನೆಗಳು ಕಾಣುವುದಿಲ್ಲ ಎಂಬುದನ್ನು ಪ್ರಕೃತ ಲೇಖನದಲ್ಲಿ ಪರಿಶೀಲಿಸುವುದು ನಮ್ಮ ಉದ್ದೇಶ.

ಮೊದಲನೆಯದಾಗಿ ಭಾಷೆಯನ್ನೇ ನೋಡಬಹುದು. ಕನ್ನಡದಲ್ಲಿ ಕಟ್ಟಡಕ್ಕೂ ಕುಲಕ್ಕೂ ನಡುವೆ ಹೆಚ್ಚು ಅಂತರವಿಲ್ಲ. 'ಮನೆ'ಯಿಂದಲೇ 'ಮನೆತನ' ಬಂದಿದೆ. 'ಮನೆ ಮುರಿಯಿತು' ಎಂದರೆ ತೊಲೆ ಬಿತ್ತೆಂದು ಯಾರೂ ತಿಳಿಯರು. ಅಣ್ಣತಮ್ಮಂದಿರು ಬೇರೆಯಾದರೆಂದೇ ತಿಳಿಯುತ್ತಾರೆ. ಈ ಸೀಮೆಯ ಆಡುಮಾತಿನಲ್ಲಿ ಮನೆಗೆ 'ಹಟ್ಟಿ' ಎಂಬ ಮಾತೇ ಹೆಚ್ಚು ಬಳಕೆಯಲ್ಲಿದ್ದು, ಅದರಲ್ಲಿ ಮನುಷ್ಯರೊಡನೆ ದನಕರುಗಳ ವಾಸವೂ ಸೇರಿದೆ. ಆದಕಾರಣ ಮೇಸನ್ ಅವರಂತೆ ವಂಶವನ್ನು ಬಿಟ್ಟು ಗೋಡೆಯನ್ನು ಹಿಂಬಾಲಿಸುವುದು ಕನ್ನಡ ಲೇಖಕನಿಗೆ ಸಹಜವಾಗಿ ಒದಗುವ ಮಾರ್ಗವಲ್ಲ.

ಇನ್ನು ಶಾಸನಗಳ ವಿಷಯ. ಈ ಎರಡು ತಾಲ್ಲೂಕುಗಳ ಶಾಸನಗಳನ್ನು ಬಿ. ಎಲ್. ರೈಸ್ ಅವರು ೧೮೯೮ರಲ್ಲಿಯೇ 'ಎಪಿಗ್ರಾಫಿಯಾ ಕರ್ನಾಟಿಕಾ'ದ ನಾಲ್ಕನೆಯ ಸಂಪುಟದಲ್ಲಿ ಪ್ರಕಟಿಸಿದರು. ಚಾಮರಾಜನಗರದ ಪಾರ್ಶ್ವನಾಥ ಬಸದಿಯನ್ನು ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಾದ ಪುಣಿಸನು ೧೧೧೭ರಲ್ಲಿ ಕಟ್ಟಿಸಿದನು. ಊರಿಗೆ ಆಗ ಅರಕೋಟಾರವೆಂದು ಹೆಸರು. ಮುಂದೆ ಅದೇ ಅರಿಕುಠಾರವಾಯಿತು. ದಂಡನಾಯಕನ ವಂಶ, ಪರಾಕ್ರಮ, ದಾನ ಎಲ್ಲವೂ ನಮಗೆ ತಿಳಿದುಬರುತ್ತವೆ. ಬಸದಿಗೆ ಕಲ್ಲು ಹೊತ್ತವರು ರಾತ್ರಿ ಎಲ್ಲಿ ಮಲಗುತ್ತಿದ್ದರೆಂಬುದಕ್ಕೆ ಅಂಥ ಕಲ್ಲಿನಲ್ಲಿ ಸ್ಥಳವಿರುವುದಿಲ್ಲ. ದಾನಶಾಸನಗಳು ಭೂಮಿಯನ್ನೂ ಮನೆಯ ನಿವೇಶನವನ್ನೂ ಪುತ್ರಪೌತ್ರ ಪಾರಂಪರ್ಯವಾಗಿ, ಸೂರ್ಯಚಂದ್ರರಿರುವವರೆಗೆ ಅನುಭವಿಸತಕ್ಕದ್ದೆಂದು ವಿಧಿಸುತ್ತವೆ. ಆದರೆ ಶಾಸನವು ದಾನದ ಒಂದು ದಿನವನ್ನು ಮಾತ್ರ ಬಲ್ಲದು. ಮರುದಿನದಿಂದ ಆ ಮನೆಯಲ್ಲಿ ಏನು ನಡೆಯಿತೆಂಬುದನ್ನು ಅದು ಹೇಳದು. ಕಾದಂಬರಿ ಆರಂಭವಾಗುವುದೋ ಆ ಮರುದಿನದಿಂದಲೇ.

ಅರಸರ ಮನೆಗಳ ಸ್ಥಿತಿ ಬೇರೆ. ಗುಂಡ್ಲುಪೇಟೆ ತಾಲ್ಲೂಕಿನ ಹಂಗಳದಲ್ಲಿ ಚಿಕ್ಕದೇವರಾಜ ಒಡೆಯರು ತಾರುಣ್ಯದ ಹಲವು ವರ್ಷಗಳನ್ನು ನಿರ್ಬಂಧದಲ್ಲಿ ಕಳೆದು, ೧೬೭೩ರಲ್ಲಿ ಮೈಸೂರು ಸಿಂಹಾಸನವನ್ನೇರಿದರು. ಯಳಂದೂರಿನ ವಿಶಾಲಾಕ್ಷ ಪಂಡಿತನು ಅಲ್ಲಿ ಅವರ ಸಂಗಾತಿಯಾಗಿದ್ದು ತರುವಾಯ ಮಂತ್ರಿಯಾದನು. ಪಟ್ಟವೇರಿದ ಬಳಿಕ ಅವರು ತಂದೆಯ ನೆನಪಿಗಾಗಿ ಗುಂಡ್ಲುಪೇಟೆಯಲ್ಲಿ ಪರವಾಸುದೇವ ದೇವಾಲಯವನ್ನು ಕಟ್ಟಿಸಿದರು. ಹಂಗಳದ ಆ ವಾಸವು ಒಂದು ಮನೆಯೊಳಗಿನ ಕಥೆಯೇ ಸರಿ. ಕಾಯುವ ಭಟ, ಓದುವ ಯುವಕ, ಸಿಂಹಾಸನದ ಮಾತನ್ನು ಪಿಸುದನಿಯಲ್ಲಿ ಆಡುವ ಪಂಡಿತ, ಇವರಿಷ್ಟು ಮಂದಿ ಸಾಕು ಒಂದು ಅಧ್ಯಾಯಕ್ಕೆ. ಆದರೆ ಚರಿತ್ರೆಯು ಆ ಮನೆಯನ್ನು ನೆನಪಿನಲ್ಲಿಟ್ಟುಕೊಂಡಿರುವುದು ಅಲ್ಲಿಂದ ಹೊರಟವರು ದೊರೆಗಳಾದುದರಿಂದ ಮಾತ್ರ.

ಚಾಮರಾಜನಗರದ ಜನನಮಂಟಪವು ಇದಕ್ಕಿಂತ ಸ್ಪಷ್ಟವಾದ ನಿದರ್ಶನ. ಖಾಸಾ ಚಾಮರಾಜ ಒಡೆಯರು ಅರಿಕುಠಾರದಲ್ಲಿ ೧೭೭೪ರಲ್ಲಿ ಜನಿಸಿದರು. ೧೭೭೬ರಲ್ಲಿ ಮೈಸೂರಿನ ಪಟ್ಟಕ್ಕೆ ಬಾಲಕನೊಬ್ಬನನ್ನು ಆರಿಸಬೇಕಾದಾಗ ಹೈದರಾಲಿಯು ಅರಸು ಮನೆತನಗಳ ಮಕ್ಕಳ ಮುಂದೆ ಆಟಿಕೆಗಳನ್ನೂ ಹಣ್ಣುಹಂಪಲನ್ನೂ ಹರಡಿಸಿದನೆಂದೂ, ಈ ಮಗುವು ಕಠಾರಿಯನ್ನು ಹಿಡಿದುಕೊಂಡುದರಿಂದ ಆಯ್ಕೆಯಾಯಿತೆಂದೂ ವಿಲ್ಕ್ಸ್ ತನ್ನ ಇತಿಹಾಸಗ್ರಂಥದಲ್ಲಿ ಬರೆದಿದ್ದಾನೆ. ಕಥೆ ತೀರ ಅಚ್ಚುಕಟ್ಟಾಗಿರುವುದರಿಂದ ಅದನ್ನು ಕೊಂಚ ಅನುಮಾನದಿಂದಲೇ ಓದಬೇಕೆಂದು ನಮಗೆ ತೋರುತ್ತದೆ. ಅದು ಹೇಗೂ ಇರಲಿ, ಅವರ ಮಗ ಮುಮ್ಮಡಿ ಕೃಷ್ಣರಾಜ ಒಡೆಯರು ೧೮೧೮ರಲ್ಲಿ ಊರಿಗೆ ತಂದೆಯ ಹೆಸರನ್ನಿಟ್ಟು, ೧೮೨೬ರಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದರು. ಜನನದ ಸ್ಥಳದಲ್ಲಿ ಈಗಲೂ ಇರುವುದು ಮಂಟಪ. ಮಗು ಹುಟ್ಟಿದ ಕೋಣೆ, ಬಾಣಂತಿಯ ಮಂಚ, ಸೂಲಗಿತ್ತಿ ಬಂದ ಹಿತ್ತಲ ಬಾಗಿಲು ಇವು ಹೋಗಿ ಸ್ಮಾರಕ ಉಳಿಯಿತು. ಊರಿನ ಏಳುನೂರು ವರ್ಷಗಳ ಹೆಸರೂ ಹೋಯಿತು. ೧೯೯೭ರಲ್ಲಿ ಮೈಸೂರಿನಿಂದ ಬೇರ್ಪಟ್ಟ ಜಿಲ್ಲೆಗೂ ಅದೇ ಹೊಸ ಹೆಸರು ನಿಂತಿತು. ಮನೆಯೊಂದು ಸ್ಮಾರಕವಾದೊಡನೆ ಮನೆಯಾಗಿ ಉಳಿಯುವುದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಡ.

ಒಳಮನೆಯ ಸಾಕ್ಷ್ಯಕ್ಕೆ ನಾವು ಲೆಕ್ಕ ಬರೆಯುವವರ ಮನೆಗಳ ಕಡೆ ತಿರುಗಬೇಕು. ಚಾಮರಾಜನಗರ ತಾಲ್ಲೂಕಿನ ಮಲೆಯೂರಿನ ಕನಕಗಿರಿಯಲ್ಲಿದ್ದ ದೇವಚಂದ್ರನು ಕರಣಿಕ ವೃತ್ತಿಯ ಜೈನ ಮನೆತನದವನು. ಕರ್ನಲ್ ಮೆಕೆಂಝಿಯ ಮೋಜಣಿಯವರು ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಅಲ್ಲಿಗೆ ಬಂದು ಸ್ಥಳದ ಪೂರ್ವವೃತ್ತಾಂತವನ್ನು ವಿಚಾರಿಸಿದುದು ಅವನ 'ರಾಜಾವಳಿ ಕಥೆ'ಗೆ ಪ್ರೇರಣೆಯಾಯಿತು. ಅರಸರ ಆವಳಿ, ಜೈನಪುರಾಣ, ಜಾತಿಗಳ ವೃತ್ತಾಂತ ಎಲ್ಲವನ್ನೂ ಒಟ್ಟುಗೂಡಿಸಿದ ಈ ಗ್ರಂಥವು ಕಾಲನಿರ್ಣಯಕ್ಕೆ ನೆಚ್ಚತಕ್ಕದ್ದಲ್ಲವೆಂದು ವಿದ್ವಾಂಸರು ಹೇಳುತ್ತ ಬಂದಿದ್ದಾರೆ. ಆದರೂ ಮನೆಮನೆಯಲ್ಲಿ ನಿಂತಿದ್ದ ಮಾತನ್ನು ಬರಹಕ್ಕಿಳಿಸಿದ ಶ್ರೇಯಸ್ಸು ಅದಕ್ಕೆ ಸಲ್ಲುತ್ತದೆ.

ಶಾನುಭೋಗರ ಮನೆಗಳ ಅಟ್ಟದ ಮೇಲೆ ಕಡತಗಳಿರುತ್ತಿದ್ದವು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಪುಸ್ತಕವದು. ಅಳಿಸಿ ಮತ್ತೆ ಬರೆಯಬಹುದಾದ ದಾಖಲೆ! ಯಾರ ಹೆಸರನ್ನು ಅಳಿಸಿ ಯಾರ ಹೆಸರನ್ನು ಬರೆದರೆಂಬುದರಲ್ಲಿಯೇ ಹಳ್ಳಿಯ ಅರ್ಧ ಚರಿತ್ರೆ ಅಡಗಿದೆ. ಮೊಮ್ಮಗನಿಗೆ ಅಜ್ಜನ ಹೆಸರನ್ನಿಡುವ ವಾಡಿಕೆಯಿಂದ ಒಂದೇ ಹೆಸರು ತಲೆಮಾರು ಬಿಟ್ಟು ತಲೆಮಾರಿಗೆ ಬರುವುದರಿಂದ, ಸಂಶೋಧಕನು ಇಬ್ಬರನ್ನು ಒಬ್ಬರೆಂದು ಎಣಿಸುವ ಅಪಾಯವೂ ಉಂಟು. ೧೯೬೧ರ ಮೈಸೂರು ಗ್ರಾಮಾಧಿಕಾರ ರದ್ದಿಯಾತಿ ಕಾಯಿದೆಯು ೧೯೬೩ರಲ್ಲಿ ಜಾರಿಗೆ ಬಂದು ವಂಶಪಾರಂಪರ್ಯದ ಶಾನುಭೋಗಿಕೆ ಕೊನೆಗೊಂಡಿತು. ಲೆಕ್ಕವು ಮನೆಯಿಂದ ಕಚೇರಿಗೆ ಹೋಯಿತು. ಆಡಳಿತದ ದೃಷ್ಟಿಯಿಂದ ಇದು ನ್ಯಾಯವೇ.

ಆದರೆ ದಾಖಲೆ ದೊರೆತರೂ ಮನೆ ದೊರೆಯಬೇಕಲ್ಲ. ಇಲ್ಲಿ ದಾಯಭಾಗದ ಧರ್ಮಶಾಸ್ತ್ರವು ಅಡ್ಡಬರುತ್ತದೆ. ಕರಾವಳಿಯ ಗುತ್ತು ಬೀಡುಗಳಲ್ಲಿ ಅಳಿಯಸಂತಾನ ಪದ್ಧತಿಯಿಂದ ಕುಟುಂಬದ ಆಸ್ತಿ ಹೆಣ್ಣಿನ ಸಂತತಿಯಲ್ಲಿ ಅವಿಭಕ್ತವಾಗಿ ನಿಲ್ಲುತ್ತಿತ್ತು. ೧೯೪೯ರ ಮದರಾಸು ಅಳಿಯಸಂತಾನ ಕಾಯಿದೆಯು ಬಂದ ಮೇಲೆಯೇ ವಿಭಾಗವು ಅಲ್ಲಿ ಹಕ್ಕಾಯಿತು. ಮೈಸೂರು ಸೀಮೆಯಲ್ಲಾದರೋ ಮಿತಾಕ್ಷರ ನ್ಯಾಯದಂತೆ ಮಗನಿಗೆ ಹುಟ್ಟಿನಿಂದಲೇ ಪಾಲು. ಒಂದು ತೊಟ್ಟಿಯ ಮನೆಯನ್ನು ಕಲ್ಪಿಸಿಕೊಳ್ಳೋಣ. ತಂದೆಯ ಕಾಲಕ್ಕೆ ಒಂದು ಒಲೆ. ಮಕ್ಕಳ ಕಾಲಕ್ಕೆ ತೊಟ್ಟಿಯ ನಡುವೆ ಗೋಡೆ, ಎರಡು ಒಲೆ. ಮೊಮ್ಮಕ್ಕಳ ಕಾಲಕ್ಕೆ ಪಡಸಾಲೆ ಒಬ್ಬನದು, ನಡುಮನೆ ಇನ್ನೊಬ್ಬನದು, ಜಗಲಿಯ ಮೇಲೆ ವ್ಯಾಜ್ಯ. ವರ್ಷಕ್ಕೊಮ್ಮೆ ಹೆಂಚು ಕೈಯಾಡಿಸುವ ಹೊಣೆ ಯಾರದೂ ಅಲ್ಲದೆ ಮಳೆನೀರು ಮಣ್ಣಿನ ಗೋಡೆಗೆ ಇಳಿಯುತ್ತದೆ. ಮನೆ ಬೀಳುವುದು ವಿಭಾಗಪತ್ರದಿಂದ, ಮಳೆ ಅದರ ನಿಮಿತ್ತ ಮಾತ್ರ.

ಕನ್ನಡದ ದೊಡ್ಡ ಕಾದಂಬರಿಗಳು ಈ ಸತ್ಯವನ್ನು ಕಂಡುಕೊಂಡಿವೆ. ಕುವೆಂಪು ಅವರ 'ಕಾನೂರು ಹೆಗ್ಗಡಿತಿ'ಯಲ್ಲಿ (೧೯೩೬) ಮನೆ ಪಾಲಾಗುವುದೇ ಕಥೆಯ ಮುಖ್ಯ ತಿರುವು. ಗುಂಡ್ಲುಪೇಟೆಯಿಂದ ಮೈಸೂರಿಗೆ ಹೋಗುವ ದಾರಿಯಲ್ಲಿಯೇ ಇರುವ ನಂಜನಗೂಡನ್ನು ನೆಲೆಯಾಗಿ ಉಳ್ಳ ಎಸ್. ಎಲ್. ಭೈರಪ್ಪನವರ 'ವಂಶವೃಕ್ಷ'ದಲ್ಲಿ (೧೯೬೫) ಶ್ರೋತ್ರಿಯವರು ವಂಶದ ಅಖಂಡತೆಗಾಗಿ ಬಾಳನ್ನೇ ಸವೆಸಿ, ಕಡೆಗೆ ಮನೆಯ ಹಳೆಯ ಕಾಗದಗಳಿಂದಲೇ ತಮ್ಮ ಜನ್ಮವು ಆ ವಂಶದ್ದಲ್ಲವೆಂದು ಅರಿಯುತ್ತಾರೆ. ಮನೆಯ ದಾಖಲೆಯೇ ಮನೆತನಕ್ಕೆ ವಿರುದ್ಧವಾಗಿ ಸಾಕ್ಷಿ ನುಡಿಯುವ ಆ ಪ್ರಸಂಗವು ಇತಿಹಾಸದ ವಿದ್ಯಾರ್ಥಿಗಳು ಓದಲೇಬೇಕಾದುದು. ಆದರೂ ಇವು ಕಾಗದಗಳುಳ್ಳ, ಪಾಲಿಗೆ ಯೋಗ್ಯವಾದ ಆಸ್ತಿಯುಳ್ಳ ಮನೆಗಳ ಕಥೆಗಳು. ಪಾಲು ಮಾಡಲು ಏನೂ ಇಲ್ಲದ ಹಟ್ಟಿಯ ಶತಮಾನಗಳನ್ನು ಹೇಳುವವರಾರು?

ಇದಕ್ಕೆ ಉತ್ತರವು ನಮ್ಮ ಜನಪದ ಕಥೆಯಲ್ಲಿಯೇ ಇದೆಯೆಂದು ನಮ್ಮ ಅಭಿಪ್ರಾಯ. ಎ. ಕೆ. ರಾಮಾನುಜನ್ ಅವರು ಸಂಗ್ರಹಿಸಿ ಪ್ರಸಿದ್ಧಗೊಳಿಸಿದ ಕನ್ನಡ ಕಥೆಯೊಂದರಲ್ಲಿ, ಊರಿನ ಮನೆಗಳ ದೀಪಗಳು ರಾತ್ರಿ ಆರಿಸಿದ ಬಳಿಕ ಹನುಮಂತನ ಗುಡಿಯಲ್ಲಿ ಸೇರಿ ತಮ್ಮ ತಮ್ಮ ಮನೆಯ ಸುದ್ದಿಯನ್ನು ಹೇಳಿಕೊಳ್ಳುತ್ತವೆ. ತಡವಾಗಿ ಬಂದ ದೀಪವೊಂದು ತನ್ನ ಮನೆಯಲ್ಲಿ ಗಂಡಹೆಂಡಿರ ಜಗಳ ಮುಗಿಯಲಿಲ್ಲವೆಂದು ಕಾರಣ ಕೊಡುತ್ತದೆ. ದೀಪವನ್ನು 'ಆರಿಸು' ಎನ್ನಲು ಅಂಜಿ 'ದೊಡ್ಡದು ಮಾಡು' ಎನ್ನುವ ಜನರಿಗೆ ಈ ಕಲ್ಪನೆ ಹೊಳೆದುದು ಸಹಜ. ಗಿರೀಶ ಕಾರ್ನಾಡರು 'ನಾಗಮಂಡಲ'ದಲ್ಲಿ (೧೯೮೮) ಇದನ್ನು ರಂಗಕ್ಕೆ ತಂದರು. ಅದಕ್ಕೂ ಮುಂಚೆ ನಂಜನಗೂಡು ತಾಲ್ಲೂಕಿನ ದೇವನೂರಿನವರಾದ ದೇವನೂರ ಮಹಾದೇವ ಅವರು ೧೯೮೪ರಲ್ಲಿ ಪ್ರಕಟಿಸಿದ, ೧೯೯೦ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ 'ಕುಸುಮಬಾಲೆ'ಯಲ್ಲಿ, ಈ ಸೀಮೆಯ ಆಡುಮಾತಿನಲ್ಲಿಯೇ, ಮನೆಮನೆಯ ಜೋತಮ್ಮಂದಿರು ಕೂಡಿ ಮಾತಾಡುತ್ತಾರೆ. ಸಿರಿವಂತರ ಮನೆಯ ಕುಸುಮಳನ್ನು ಪ್ರೀತಿಸಿದ ದಲಿತ ತರುಣ ಚನ್ನನು ಕೊಲೆಯಾಗಿ ಕಾಣೆಯಾದುದು ಆ ಕೃತಿಯ ಒಡಲಲ್ಲಿರುವ ದುರಂತ. ಕೊಲೆಗೆ ದಾಖಲೆ ಇರುವುದಿಲ್ಲ, ದೀಪಕ್ಕೆ ಗೊತ್ತಿರುತ್ತದೆ. ದೀಪವು ತೊಟ್ಟಿಯ ಮನೆಯಲ್ಲೂ ಉರಿಯುತ್ತದೆ, ಗುಡಿಸಲಿನಲ್ಲೂ ಉರಿಯುತ್ತದೆ. ಅದಕ್ಕೆ ವಿಭಾಗಪತ್ರ ಬೇಕಿಲ್ಲ. ಪಾಶ್ಚಾತ್ಯ ಕಾದಂಬರಿಯಲ್ಲಿ ಗೋಡೆಯು ಮಾಡುವ ಕೆಲಸವನ್ನು ಇಲ್ಲಿ ದೀಪವು ಮಾಡಿದೆ. ರೂಪದ ದೃಷ್ಟಿಯಿಂದ ಇದು ಕಿರಿದಾದ ಕೃತಿಯಾದರೂ, ಈ ನೆಲದಲ್ಲಿ ಮನೆಯ ಚರಿತ್ರೆಯನ್ನು ಹೇಳಬಹುದಾದ ಕ್ರಮವನ್ನು ಇದರಷ್ಟು ಖಚಿತವಾಗಿ ತೋರಿದುದು ಇನ್ನೊಂದಿಲ್ಲವೆಂದೇ ನಾವು ಭಾವಿಸುತ್ತೇವೆ.

ದೀಪದ ಸಾಕ್ಷ್ಯವು ಕಾದಂಬರಿಗೆ ಸರಿ, ಇತಿಹಾಸಕ್ಕೆ ಸಲ್ಲದು ಎಂದು ಆಕ್ಷೇಪಿಸಬಹುದು. ಚಾಮರಾಜನಗರ, ಯಳಂದೂರು ತಾಲ್ಲೂಕುಗಳಿಗೆ ಸೇರಿದ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಸಂಗತಿಯನ್ನು ಈ ಆಕ್ಷೇಪದ ಎದುರು ಇಟ್ಟು ನೋಡಬೇಕು. ಬಿದಿರು, ಮಣ್ಣು, ಹುಲ್ಲಿನ ಅವರ ಮನೆಗಳು ಬೇಸಾಯದೊಡನೆ ಸ್ಥಳ ಬದಲಿಸುತ್ತಿದ್ದವು. ೧೯೭೪ರಲ್ಲಿ ಬೆಟ್ಟವು ವನ್ಯಜೀವಿಧಾಮವಾದ ತರುವಾಯ ಆ ಬೇಸಾಯ ನಿಂತು, ಪೋಡುಗಳು ಒಂದೆಡೆ ನೆಲೆಸಬೇಕಾಯಿತು. ಶತಮಾನಗಳ ಗೋಡೆ ಅಲ್ಲಿ ಸಿಗದು. ಅವರ ಪರಂಪರೆ ನಿಂತಿರುವುದು ಕುಲದಲ್ಲಿ, ಮತ್ತು ಪ್ರತಿ ಕುಲಕ್ಕೂ ಸೇರಿದ ಯೆಲ್ಲೆಯಲ್ಲಿ. ದೇವರ ತಾಣ, ಮಾರಮ್ಮನ ತಾಣ, ಸಮಾಧಿ ಇವೆಲ್ಲ ಆ ಯೆಲ್ಲೆಯೊಳಗೇ ಇವೆ. ೨೦೦೬ರ ಅರಣ್ಯಹಕ್ಕು ಕಾಯಿದೆಯಡಿ ೨೦೦೮ರಲ್ಲಿ ರಚಿತವಾದ ನಿಯಮಗಳು, ಸರ್ಕಾರಿ ದಾಖಲೆಗಳ ಜೊತೆಗೆ ಗುಡಿಸಲಿನ ಕುರುಹು, ಸಮಾಧಿಸ್ಥಳ, ಪವಿತ್ರಸ್ಥಳಗಳನ್ನೂ, ಬರಹಕ್ಕಿಳಿಸಿದ ಹಿರಿಯರ ಹೇಳಿಕೆಯನ್ನೂ ಪುರಾವೆಯೆಂದು ಒಪ್ಪುತ್ತವೆ. ಆ ಕಾಯಿದೆಯಂತೆ ೨೦೧೧ರಲ್ಲಿ ಈ ಬೆಟ್ಟದ ೨೫ ಪೋಡುಗಳಿಗೆ ಸಮುದಾಯದ ಅರಣ್ಯಹಕ್ಕುಗಳು ದೊರೆತವು. ಅಜ್ಜ ಎಲ್ಲಿ ಒಲೆ ಹೂಡಿದ್ದನೆಂದು ಮೊಮ್ಮಗ ಬೆರಳು ಮಾಡಿ ತೋರಿಸಿದ ಜಾಗವೂ ಈಗ ಕಡತಕ್ಕೆ ಸೇರುವ ಸಂಗತಿಯಾಗಿದೆ.