72 ಗಂಟೆಯೊಳಗೆ ಮನೆಯಲ್ಲಿ ಆಡಬೇಕಾದ ಮಾತು

ಹರೆಯದವರ ಲೈಂಗಿಕ ಆರೋಗ್ಯಕ್ಕೆ ಸಂಬಂಧಿಸಿದ ಹಲವು ತೀರ್ಮಾನಗಳಿಗೆ ಗಡುವು ಇರುತ್ತದೆ. ಅಸುರಕ್ಷಿತ ಸಂಪರ್ಕವಾದ ಮೇಲೆ ಗರ್ಭ ನಿಲ್ಲದಂತೆ ತಡೆಯುವ ತುರ್ತು ಮಾತ್ರೆಯನ್ನು 72 ಗಂಟೆಯೊಳಗೆ ನುಂಗಬೇಕು. ಬೇಗ ನುಂಗಿದಷ್ಟೂ ಅದರ ಫಲ ಹೆಚ್ಚು. ಎಚ್‌ಐವಿ ತಗಲಿರಬಹುದೆಂಬ ಸಂದೇಹವಿದ್ದರೆ ತಡೆಯ ಔಷಧಿ ಶುರುಮಾಡಲು ಇರುವ ಅವಧಿಯೂ 72 ಗಂಟೆಯೇ. ಗರ್ಭಕೊರಳಿನ ಕ್ಯಾನ್ಸರಿನಿಂದ ಕಾಪಾಡುವ ಎಚ್‌ಪಿವಿ ಲಸಿಕೆ 9ರಿಂದ 14 ವರ್ಷದೊಳಗೆ ಹಾಕಿಸಿದರೆ ಹೆಚ್ಚು ಪ್ರಯೋಜನಕಾರಿ. ಮನೆಯಲ್ಲಿ ಬಾಯಿಬಿಡಲು ಹೆದರುವ ಮಕ್ಕಳು ಮೊದಲು ಕಳೆದುಕೊಳ್ಳುವುದು ಈ ಸಮಯವನ್ನು.

ಕಲ್ಯಾಣ, ಡೊಂಬಿವಲಿ, ಥಾಣೆ, ನವಿ ಮುಂಬಯಿಯ ಕನ್ನಡ ಮನೆಗಳ ಮೌನದಲ್ಲಿ ವಲಸೆಯ ಪಾಲೂ ಇದೆ. ಕರಾವಳಿಯಿಂದ ಹೋಟೆಲು, ಬ್ಯಾಂಕುಗಳ ಉದ್ಯೋಗಕ್ಕೆ, ಕಲಬುರಗಿ-ವಿಜಯಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದು ನೆಲೆಸಿದ ಸಂಸಾರಗಳು ಇಲ್ಲಿ ಬಹಳ. ಊರಿನಲ್ಲಿ ಇಂಥ ವಿಷಯವನ್ನು ತಾಯಿ ಸಾಮಾನ್ಯವಾಗಿ ನೇರವಾಗಿ ಹೇಳುತ್ತಿರಲಿಲ್ಲ. ಅಜ್ಜಿಯೋ ಸೋದರತ್ತೆಯೋ ಅತ್ತಿಗೆಯೋ ಹೇಳುತ್ತಿದ್ದರು. ಹುಡುಗಿ ದೊಡ್ಡವಳಾದಾಗ ಆರತಿ ಎತ್ತಿ, ಎಳ್ಳು-ಬೆಲ್ಲ ಕುಟ್ಟಿದ ಚಿಗಳಿ ತಿನ್ನಿಸುವ ಪದ್ಧತಿ ಕೆಲವೆಡೆ ಇತ್ತು. ಮುಟ್ಟಿನ ಮಡಿ-ಮೈಲಿಗೆಯ ಕಟ್ಟುಪಾಡು ಅದರ ಜೊತೆಗೇ ಬರುತ್ತಿತ್ತು, ನಿಜ. ಆದರೂ ಕೇಳಬೇಕೆನಿಸಿದ್ದನ್ನು ಕೇಳಲು ಒಬ್ಬಿಬ್ಬರು ಹೆಂಗಸರು ಸಿಗುತ್ತಿದ್ದರು. ಡೊಂಬಿವಲಿಯ ಸಣ್ಣ ಫ್ಲ್ಯಾಟಿನಲ್ಲಿ ಆ ಅತ್ತಿಗೆ ಇಲ್ಲ. ಬೆಳಿಗ್ಗೆ ಲೋಕಲ್ ಹಿಡಿದು ಹೋದ ತಂದೆ ಮರಳುವಾಗ ರಾತ್ರಿ. ಹುಡುಗರಿಗಂತೂ ಊರಿನಲ್ಲೂ ಹೇಳಿಕೊಡುವವರು ಕಡಿಮೆ. ಈಗ ಆ ಜಾಗಕ್ಕೆ ಮೊಬೈಲು ಬಂದಿದೆ. ಎದುರಿನವಳ ಒಪ್ಪಿಗೆ ಕೇಳಬೇಕು, ಬೇಡ ಎಂದರೆ ನಿಲ್ಲಿಸಬೇಕು, ಕಾಂಡೋಮ್ ಬಳಸಬೇಕು ಎಂಬುದನ್ನು ಅಶ್ಲೀಲ ವೀಡಿಯೊ ಕಲಿಸುವುದಿಲ್ಲ.

ಮನೆಯ ಮಾತು ಎಂದರೆ ಮಗನನ್ನೋ ಮಗಳನ್ನೋ ಎದುರು ಕೂರಿಸಿಕೊಂಡು ಒಂದು ಸಂಜೆ ಮಾಡುವ ಉಪದೇಶವಲ್ಲ. ಅದು ಬಹಳ ಚಿಕ್ಕ ಸಂಗತಿಗಳಿಂದ ಶುರುವಾಗುತ್ತದೆ. ಈ ಭಾಗದ ಎಷ್ಟೋ ಅಡುಗೆಮನೆಗಳ ಗೋಡೆಯಲ್ಲಿ ಕಾಲನಿರ್ಣಯ ಕ್ಯಾಲೆಂಡರ್ ತೂಗುತ್ತಿರುತ್ತದೆ. ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಬಂದ ದಿನ ಅದರಲ್ಲೇ ಗುರುತಾಗುತ್ತವೆ. ಮಗಳ ಮುಟ್ಟಿನ ದಿನಕ್ಕೂ ಅಲ್ಲೇ ಒಂದು ಚಿಕ್ಕ ಗುರುತು ಹಾಕಿದರೆ, ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಈ ತಿಂಗಳು ತಪ್ಪಿದೆಯೇ ಎಂಬುದು ಕಣ್ಣೆದುರಿಗೇ ಇರುತ್ತದೆ. ಅಣ್ಣನಿಗೂ ಅದು ಗುಟ್ಟಾಗಿ ಉಳಿಯುವುದಿಲ್ಲ. ಪ್ಯಾಡ್ ತರಲು ಅವನನ್ನೇ ಮೆಡಿಕಲ್ ಅಂಗಡಿಗೆ ಕಳಿಸಬಹುದು. ಹೀಗೆ ಬೆಳೆದ ಹುಡುಗಿ ಬಿಳಿಸೆರಗು, ತುರಿಕೆ, ಹೊಟ್ಟೆನೋವುಗಳನ್ನು ತಿಂಗಳುಗಟ್ಟಲೆ ಮುಚ್ಚಿಡುವುದಿಲ್ಲ. ಯಾರೋ ಮೈ ಮುಟ್ಟಿದರೆ ಅದನ್ನು ಹೇಳುವ ಮಾತೂ ಅವಳ ಬಾಯಲ್ಲಿ ಇರುತ್ತದೆ. ಸ್ವಪ್ನಸ್ಖಲನ ಕಾಯಿಲೆಯಲ್ಲ ಎಂದು ತಂದೆಯಿಂದ ಕೇಳಿದ ಹುಡುಗ ರೈಲಿನ ಡಬ್ಬಿಗಳಲ್ಲಿ ಅಂಟಿಸಿದ ‘ಗುಪ್ತರೋಗ’ದ ಜಾಹೀರಾತಿನ ಹಿಂದೆ ಹಣ ಸುರಿಯುವುದಿಲ್ಲ.

ಇಷ್ಟರಿಂದ ನಡವಳಿಕೆ ನಿಜಕ್ಕೂ ಬದಲಾಗುತ್ತದೆಯೇ? 2016ರಲ್ಲಿ ಅಮೆರಿಕದ ಸಂಶೋಧಕರು 52 ಅಧ್ಯಯನ ಲೇಖನಗಳನ್ನು ಒಟ್ಟುಗೂಡಿಸಿ, 25,000ಕ್ಕೂ ಹೆಚ್ಚು ಹದಿಹರೆಯದವರ ಮಾಹಿತಿಯನ್ನು ಪರಿಶೀಲಿಸಿದರು. ಹೆತ್ತವರೊಂದಿಗೆ ಈ ಮಾತು ಆಡಿದ್ದವರಲ್ಲಿ ಕಾಂಡೋಮ್ ಮತ್ತಿತರ ಗರ್ಭನಿರೋಧಕಗಳ ಬಳಕೆ ಹೆಚ್ಚಿತ್ತು. ಪರಿಣಾಮ ದೊಡ್ಡದಲ್ಲ, ಆದರೆ ಖಚಿತ. ಹುಡುಗರಿಗಿಂತ ಹುಡುಗಿಯರಲ್ಲಿ, ತಂದೆಯ ಮಾತಿಗಿಂತ ತಾಯಿಯ ಮಾತಿನಲ್ಲಿ ಅದು ಎದ್ದು ಕಂಡಿತು. ತಂದೆಯರು ಮಾತಾಡುವುದೇ ಕಡಿಮೆ, ಗಂಡುಮಕ್ಕಳೊಂದಿಗೆ ಈ ವಿಷಯ ತೆಗೆಯುವವರೂ ಕಡಿಮೆ ಎಂಬುದನ್ನು ಇದರ ಜೊತೆಗಿಟ್ಟು ನೋಡಬೇಕು. ಹೇಳಿಕೊಟ್ಟರೆ ಮಕ್ಕಳು ಹಾಳಾಗುತ್ತಾರೆಂಬ ಭಯಕ್ಕೂ ಆಧಾರವಿಲ್ಲ. ಲೈಂಗಿಕ ಶಿಕ್ಷಣದಿಂದ ಮಕ್ಕಳು ಬೇಗ ಸಂಪರ್ಕಕ್ಕೆ ಇಳಿಯುವುದಿಲ್ಲ ಎಂಬುದು ಯುನೆಸ್ಕೊ 2018ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿದೆ. ಆದರೆ ಅದಕ್ಕೂ ಮೊದಲೇ, 2007ರಲ್ಲಿ, ಮಹಾರಾಷ್ಟ್ರ, ಕರ್ನಾಟಕ ಎರಡೂ ರಾಜ್ಯಗಳು ಶಾಲೆಗಳ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು ತಡೆಹಿಡಿದವು. ಶಾಲೆ ಬಾಯಿ ಮುಚ್ಚಿದ ಮೇಲೆ ಉಳಿದದ್ದು ಮನೆಯೊಂದೇ.

ಈ ಮಾತಿಗೆ ಇಲ್ಲಿನ ನೆಲದಲ್ಲಿ ಹಳೆಯ ಬೇರುಗಳಿವೆ. ರಘುನಾಥ ಧೋಂಡೊ ಕರ್ವೆ 1921ರಲ್ಲೇ ಮುಂಬಯಿಯಲ್ಲಿ ಸಂತಾನ ನಿಯಂತ್ರಣ ಕೇಂದ್ರ ತೆರೆದರು. 1927ರಿಂದ 1953ರವರೆಗೆ ‘ಸಮಾಜಸ್ವಾಸ್ಥ್ಯ’ ಎಂಬ ಮರಾಠಿ ಮಾಸಿಕ ನಡೆಸಿದರು. ಅಶ್ಲೀಲತೆಯ ಆರೋಪದಲ್ಲಿ ಅವರು ಕೋರ್ಟಿಗೆ ಹೋಗಬೇಕಾದಾಗ, 1934ರಲ್ಲಿ ಅವರ ಪರ ವಾದಿಸಿದವರು ಡಾ. ಅಂಬೇಡ್ಕರ್. ಮೈಸೂರು ಸಂಸ್ಥಾನ 1930ರಲ್ಲಿ ಸರ್ಕಾರದ ವತಿಯಿಂದಲೇ ಸಂತಾನ ನಿಯಂತ್ರಣ ಕೇಂದ್ರಗಳನ್ನು ತೆರೆಯಿತು. ಹುಬ್ಬಳ್ಳಿಯಲ್ಲಿ ಹುಟ್ಟಿ ಬೆಳೆದ ಧನವಂತಿ ರಾಮರಾವ್ 1949ರಲ್ಲಿ ಮುಂಬಯಿಯಲ್ಲಿ ಭಾರತೀಯ ಕುಟುಂಬ ಯೋಜನಾ ಸಂಘ ಕಟ್ಟಿದರು. ಕನ್ನಡದಲ್ಲಿ ವೈದ್ಯೆ, ಲೇಖಕಿ ಅನುಪಮಾ ನಿರಂಜನ ‘ಕೇಳು ಕಿಶೋರಿ’ಯಂಥ ಪುಸ್ತಕಗಳನ್ನು ಹುಡುಗಿಯರ ಕೈಗೇ ಕೊಟ್ಟರು. ತಾಯಿಗೆ ಮಾತು ಹೊರಡದಿದ್ದರೆ ಅಂಥ ಪುಸ್ತಕವೊಂದನ್ನು ಮಗಳ ಮೇಜಿನ ಮೇಲೆ ಇಟ್ಟರೂ ಅದು ಮಾತಿಗೆ ಆರಂಭವೇ.

ಮಾತಾಡದ ಕುಟುಂಬವನ್ನೂ ಕಾನೂನು ಒಂದು ಹಂತದಲ್ಲಿ ವೈದ್ಯರ ಕೋಣೆಗೆ ಕರೆತರುತ್ತದೆ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಲೈಂಗಿಕ ಸಂಪರ್ಕಕ್ಕೆ 18 ತುಂಬದವರು ಕೊಡುವ ಒಪ್ಪಿಗೆಗೆ ಮಾನ್ಯತೆ ಇಲ್ಲ. ಅಂಥ ಸಂಪರ್ಕದ ವಿಷಯ ತಿಳಿದ ವೈದ್ಯರು ಅದನ್ನು ಪೊಲೀಸರಿಗೆ ತಿಳಿಸಲೇಬೇಕು. 18 ತುಂಬದ ಹುಡುಗಿಯ ಗರ್ಭಪಾತಕ್ಕೆ ಪಾಲಕರ ಲಿಖಿತ ಒಪ್ಪಿಗೆ ಬೇಕು. 18 ದಾಟಿದವಳಿಗೆ ಅವಳ ಒಪ್ಪಿಗೆಯೊಂದೇ ಸಾಕು, ಮದುವೆ ಆಗಿರಬೇಕೆಂದೇನೂ ಇಲ್ಲ. ಪೊಲೀಸರೆಂದರೆ ಹೆದರಿ ಮನೆಯವರು ಆಸ್ಪತ್ರೆಯ ಮೆಟ್ಟಿಲನ್ನೇ ಹತ್ತದೆ, ಚೀಟಿಯಿಲ್ಲದೆ ಕೊಂಡ ಗರ್ಭಪಾತದ ಮಾತ್ರೆ ಕೊಟ್ಟುಬಿಡುವುದುಂಟು. ಇದು ಜೀವಕ್ಕೇ ಅಪಾಯ: ಗರ್ಭ ನಾಳದಲ್ಲಿ ನಿಂತಿದ್ದರೆ ಆ ಮಾತ್ರೆ ಕೆಲಸ ಮಾಡುವುದಿಲ್ಲ, ನಾಳ ಒಡೆದು ಒಳಗೇ ರಕ್ತ ಹರಿಯಬಹುದು. 2022ರ ಸೆಪ್ಟೆಂಬರ್ 29ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಈ ಭಯವನ್ನು ಗಮನಕ್ಕೆ ತಂದುಕೊಂಡಿತು. ಹುಡುಗಿಯೂ ಪಾಲಕರೂ ಕೋರಿದರೆ, ವೈದ್ಯರು ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ಅವಳ ಹೆಸರು, ಗುರುತು ಹೇಳಬೇಕಾಗಿಲ್ಲ ಎಂದಿತು. ಇಷ್ಟು ತಿಳಿದ ತಂದೆತಾಯಿ ದಿನಗಳನ್ನು ಕಳೆಯದೆ ಮಗಳನ್ನು ಆಸ್ಪತ್ರೆಗೆ ಕರೆದೊಯ್ಯಬಲ್ಲರು.

ಮನೆಯಲ್ಲಿ ಮಾತು ಸಾಧ್ಯವೇ ಆಗದವರಿಗೂ ದಾರಿ ಇದೆ. 2014ರಲ್ಲಿ ಶುರುವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಡಿ 10ರಿಂದ 19 ವರ್ಷದವರಿಗಾಗಿ ಸರ್ಕಾರಿ ಆಸ್ಪತ್ರೆಗಳಲ್ಲಿ ಸಲಹಾ ಕೇಂದ್ರಗಳಿವೆ. ಮಹಾರಾಷ್ಟ್ರದಲ್ಲಿ ಅವುಗಳ ಹೆಸರು ‘ಮೈತ್ರಿ’, ಕರ್ನಾಟಕದಲ್ಲಿ ‘ಸ್ನೇಹಾ ಕ್ಲಿನಿಕ್’. ಎಚ್‌ಐವಿ ಮತ್ತು ಲೈಂಗಿಕ ಸೋಂಕುಗಳ ಬಗ್ಗೆ 1097ಕ್ಕೆ ಉಚಿತವಾಗಿ ಫೋನ್ ಮಾಡಿ ವಿಚಾರಿಸಬಹುದು.